ಕಿಂಗ್ ಮಹಾಶಯರ ಸೆರೆಮನೆಯ ಪತ್ರ

ಮಹಾಪುರುಷರೆಂದು ಪೂಜಿತರಾದವರಿಗೆ ಒದಗುವ ವಿಪತ್ತುಗಳಲ್ಲಿ ಒಂದು ಯಾವುದೆಂದರೆ, ಅವರ ಚಿತ್ರಪಟವು ಗೋಡೆಯನ್ನೇರಿದೊಡನೆಯೇ ಅವರ ಬರಹವು ಕಪಾಟನ್ನು ಸೇರಿಬಿಡುವುದು. ಅಮೆರಿಕಾ ದೇಶದ ಕಪ್ಪುಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿ, ೧೯೬೮ನೆಯ ಏಪ್ರಿಲ್ ೪ರಂದು ಮೆಂಫಿಸ್ ನಗರದಲ್ಲಿ ಗುಂಡಿಗೆ ಬಲಿಯಾದ ಮಾರ್ಟಿನ್ ಲೂಥರ್ ಕಿಂಗ್ ಮಹಾಶಯರಿಗೂ ಇದು ತಪ್ಪಲಿಲ್ಲ. ೧೯೮೬ರಿಂದ ಆ ದೇಶದಲ್ಲಿ ಜನವರಿ ತಿಂಗಳ ಮೂರನೆಯ ಸೋಮವಾರವು ಅವರ ಹೆಸರಿನ ರಜಾದಿನವಾಗಿದೆ. ೨೦೧೧ರಲ್ಲಿ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಅವರ ಶಿಲಾಪ್ರತಿಮೆಯೂ ಪ್ರತಿಷ್ಠಿತವಾಯಿತು. ನಮ್ಮ ಕಡೆಯ ಭಾಷಣಸ್ಪರ್ಧೆಗಳಲ್ಲಿ ಅವರನ್ನು ‘ಅಮೆರಿಕದ ಗಾಂಧಿ’ ಎಂದು ಕರೆದು ಚಪ್ಪಾಳೆ ಗಿಟ್ಟಿಸುವುದು ವಾಡಿಕೆ. ಉಪಮೆಯಲ್ಲಿ ಉಪಮಾನವು ಉಪಮೇಯವನ್ನು ಬೆಳಗಿಸಬೇಕೇ ಹೊರತು ನುಂಗಬಾರದು. ಇಲ್ಲಿ ಗಾಂಧಿಯವರು ಮಾತ್ರ ಕಾಣುತ್ತಾರೆ, ಕಿಂಗರು ಕಾಣುವುದಿಲ್ಲ.

ಅವರ ವಾಣಿಯೆಂದು ಎಲ್ಲರೂ ಬಲ್ಲದ್ದು ೧೯೬೩ನೆಯ ಆಗಸ್ಟ್ ೨೮ರಂದು ವಾಷಿಂಗ್ಟನ್ನಿನಲ್ಲಿ ಮಾಡಿದ ಸ್ವಪ್ನದ ಭಾಷಣ. ಅದರ ಪೂರ್ವಾರ್ಧದಲ್ಲಿ ದೇಶವು ತೀರಿಸದ ಸಾಲವನ್ನು ಕುರಿತ ಕಟುವಾದ ಲೆಕ್ಕವುಂಟು. ಜನರು ಅದನ್ನು ಕೈಬಿಟ್ಟು ಉತ್ತರಾರ್ಧದ ಸ್ವಪ್ನವನ್ನೇ ಉಳಿಸಿಕೊಂಡರು. ಅದನ್ನು ಕೇಳಿದಾಗ ಮೈನವಿರೇಳುತ್ತದೆ; ಆದರೆ ಕೇಳಿ ಮನೆಗೆ ಹೋದವನು ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ. ಅದಕ್ಕೆ ನಾಲ್ಕು ತಿಂಗಳು ಮೊದಲು ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಿಂದ ಬರೆದ ಪತ್ರವು ಅಂಥದಲ್ಲ. ಅದು ಓದುಗನನ್ನು ತಡೆದು ನಿಲ್ಲಿಸಿ ಉತ್ತರ ಕೇಳುತ್ತದೆ. ಕಿಂಗರನ್ನು ಗ್ರಂಥಕರ್ತರೆಂದು ಗೌರವಿಸುವುದಾದರೆ ಈ ಪತ್ರದ ಬಲದಿಂದಲೇ ಗೌರವಿಸತಕ್ಕದ್ದೆಂಬುದು ನನ್ನ ಮತ.

ಸಂದರ್ಭವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬರ್ಮಿಂಗ್‌ಹ್ಯಾಮ್ ಎಂಬುದು ಅಲಬಾಮಾ ಪ್ರಾಂತದ ಕಬ್ಬಿಣದ ಕಾರ್ಖಾನೆಗಳ ಊರು. ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಕಪ್ಪುಗಿರಾಕಿಯ ಹಣ ನಡೆಯುತ್ತಿತ್ತು. ಅದೇ ಅಂಗಡಿಯ ಉಪಾಹಾರದ ಕಟ್ಟೆಯ ಮುಂದೆ ಅವನು ಕೂರುವಂತಿರಲಿಲ್ಲ. ಆ ಊರಿನ ಪಾದ್ರಿಗಳಾದ ಫ್ರೆಡ್ ಷಟಲ್ಸ್‌ವರ್ತ್ ಮತ್ತು ಅವರ ಸಂಗಡಿಗರ ಕರೆಯ ಮೇಲೆ ಕಿಂಗರು ಅಲ್ಲಿಗೆ ಹೋದರು. ೧೯೬೩ನೆಯ ಏಪ್ರಿಲ್ ೩ರಂದು ಸತ್ಯಾಗ್ರಹವು ಮೊದಲಾಯಿತು. ೧೦ರಂದು ನ್ಯಾಯಾಲಯದಿಂದ ಪ್ರತಿಬಂಧಕಾಜ್ಞೆ ಬಂತು. ೧೨ರಂದು, ಎಂದರೆ ಕ್ರೈಸ್ತರ ಶುಭಶುಕ್ರವಾರದ ದಿನ, ಆಜ್ಞೆಯನ್ನು ಮೀರಿ ಮೆರವಣಿಗೆ ಹೊರಟು ಸೆರೆಯಾದರು. ಅದೇ ತಾರೀಖಿನಲ್ಲಿ ಆ ಪ್ರಾಂತದ ಎಂಟು ಮಂದಿ ಬಿಳಿಯ ಧರ್ಮಗುರುಗಳು ಒಂದು ಬಹಿರಂಗ ಹೇಳಿಕೆಯನ್ನು ಕೊಟ್ಟರು. ಈ ಚಳವಳಿ ಅವಿವೇಕದ್ದು, ಅಕಾಲದ್ದು. ಇದನ್ನು ನಡೆಸುವವರಲ್ಲಿ ಹೊರಗಿನವರಿದ್ದಾರೆ. ಹಕ್ಕಿನ ವಿಷಯವೇನಿದ್ದರೂ ನ್ಯಾಯಾಲಯದಲ್ಲಿಯೂ ಊರಿನವರ ಮಾತುಕತೆಯಲ್ಲಿಯೂ ಇತ್ಯರ್ಥವಾಗಲಿ. ಶಾಂತಿಯನ್ನು ಕಾಪಾಡಿದ ಪೊಲೀಸರು ಪ್ರಶಂಸಾರ್ಹರು ಎಂಬುದು ಅದರ ತಾತ್ಪರ್ಯ.

ಈ ಎಂಟು ಮಂದಿ ದುರ್ಜನರಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆ ವರ್ಷದ ಜನವರಿಯಲ್ಲಿ ಪ್ರಾಂತದ ಹೊಸ ಗವರ್ನರು ವರ್ಣಭೇದವನ್ನು ಎಂದೆಂದಿಗೂ ಬಿಡುವುದಿಲ್ಲವೆಂದು ಘೋಷಿಸಿದಾಗ, ನ್ಯಾಯಾಲಯದ ತೀರ್ಪುಗಳಿಗೆ ತಲೆಬಾಗಬೇಕೆಂದು ಬಿನ್ನಹ ಪ್ರಕಟಿಸಿದ್ದವರಲ್ಲಿ ಇವರೂ ಸೇರಿದ್ದರು. ಅಂದರೆ ಊರಿನಲ್ಲಿ ವಿವೇಕಿಗಳೆಂದು ಹೆಸರಾದವರು. ಅವರ ಹೇಳಿಕೆಯು ಸೆರೆಯಲ್ಲಿದ್ದ ಕಿಂಗರ ಕಣ್ಣಿಗೆ ಬಿತ್ತು. ವೃತ್ತಪತ್ರಿಕೆಯ ಅಂಚಿನಲ್ಲಿ ಪ್ರತ್ಯುತ್ತರವು ಆರಂಭವಾಗಿ, ಅಲ್ಲಿದ್ದ ಕಪ್ಪುಜನರ ಕೈದಿಯೊಬ್ಬನು ತಂದುಕೊಟ್ಟ ಚೂರು ಕಾಗದಗಳ ಮೇಲೆ ಮುಂದುವರಿದು, ವಕೀಲರು ಒಳಗೆ ತಂದ ಬರೆಯುವ ಹಾಳೆಗಳಲ್ಲಿ ಮುಗಿಯಿತು. ಏಪ್ರಿಲ್ ೧೬ರ ತಾರೀಖಿನ, ಸುಮಾರು ೭,೦೦೦ ಪದಗಳ ಪತ್ರವಿದು. ೧೯೬೪ರಲ್ಲಿ ತಮ್ಮ ಗ್ರಂಥದಲ್ಲಿ ಸೇರಿಸುವಾಗ ಕಿಂಗರು ಇದನ್ನು ಅಲ್ಲಲ್ಲಿ ತಿದ್ದಿದರು; ಹಾಗೆಂದು ಅವರೇ ಒಪ್ಪಿದ್ದಾರೆ. ಕಾಗದದ ಚೂರುಗಳ ಕಥೆಯನ್ನು ಕೇಳಿ ಇದು ಆವೇಶದ ಬರವಣಿಗೆಯೆಂದು ತಿಳಿಯುವವರು ಪತ್ರವನ್ನು ಓದಿಲ್ಲವೆಂದೇ ಹೇಳಬೇಕು. ಇದು ತುಂಬ ತಣ್ಣಗಿನ ತಲೆಯಿಂದ ಬಂದದ್ದು.

ನ್ಯಾಯಶಾಸ್ತ್ರದವರು ಕಥೆಯನ್ನು, ಎಂದರೆ ಪಂಡಿತರ ಸಂವಾದವನ್ನು, ವಾದ ಜಲ್ಪ ವಿತಂಡಾ ಎಂದು ಮೂರಾಗಿ ವಿಂಗಡಿಸುತ್ತಾರೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೇನೂ ಪಕ್ಷವಿಲ್ಲದೆ ಎದುರಾಳಿಯದನ್ನು ಕೆಡವುವುದೇ ಕೆಲಸವಾದರೆ ಅದು ವಿತಂಡಾ. ಸೆರೆಮನೆಯಲ್ಲಿ ಕುಳಿತವನಿಗೆ ಜಲ್ಪವು ಸಹಜವಾಗಿತ್ತು. ಕಿಂಗರು ಆರಿಸಿಕೊಂಡದ್ದು ವಾದವನ್ನು. ಅವರ ಮೊದಲ ಕೆಲಸ ಪೂರ್ವಪಕ್ಷದ ಅನುವಾದ. ನಿಮ್ಮ ಮನಸ್ಸು ಒಳ್ಳೆಯದು, ನಿಮ್ಮ ಆಕ್ಷೇಪ ಪ್ರಾಮಾಣಿಕವಾದದ್ದು ಎಂದು ಒಪ್ಪಿಕೊಂಡು, ಆ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ಹೊರಗಿನವನೆಂಬ ಮಾತಿಗೆ ಕೊಡುವ ಉತ್ತರವನ್ನೇ ನೋಡಿ. ಮೊದಲು, ನನ್ನನ್ನು ಇಲ್ಲಿಯವರೇ ಕರೆದರು ಎಂಬ ಲೌಕಿಕ ಸಮಾಧಾನ. ಬಳಿಕ, ನಿಮ್ಮ ಧರ್ಮಗ್ರಂಥದ ಪ್ರವಾದಿಗಳೂ ಪೌಲನೂ ಊರು ಬಿಟ್ಟು ಹೋದವರೇ ಅಲ್ಲವೆ ಎಂಬ ಶಾಸ್ತ್ರೀಯ ಸಮಾಧಾನ. ಕಡೆಗೆ, ಒಂದೇ ದೇಶದೊಳಗೆ ಹೊರಗು ಎಂಬುದೇ ಇಲ್ಲವೆಂಬ ತತ್ತ್ವ. ಪ್ರತಿಪಕ್ಷಿಯು ಒಂದು ಮೆಟ್ಟಿಲಲ್ಲಿ ಜಾರಿಕೊಂಡರೆ ಮುಂದಿನದರಲ್ಲಿ ಸಿಕ್ಕಿಬೀಳುತ್ತಾನೆ. ಈ ವಿನಯದಲ್ಲಿ ಒಂದು ಬಲೆ ಅಡಗಿದೆ.

ಪ್ರಮಾಣಗಳ ಆಯ್ಕೆಯಲ್ಲಿಯೂ ಇದೇ ಜಾಣ್ಮೆ. ಹೇಳಿಕೆಗೆ ಸಹಿ ಹಾಕಿದವರಲ್ಲಿ ಒಬ್ಬರು ಕ್ಯಾಥೊಲಿಕ್ ಬಿಷಪ್ಪರು, ಒಬ್ಬರು ಯೆಹೂದ್ಯರ ರಬ್ಬಿ, ಉಳಿದವರು ಪ್ರಾಟೆಸ್ಟಂಟ್ ಶಾಖೆಗಳವರು. ಧರ್ಮಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲವೆಂದು ಸ್ಥಾಪಿಸುವಾಗ ಕಿಂಗರು ಕರೆಯುವ ಸಾಕ್ಷಿಗಳು ಅಗಸ್ಟೀನ್, ಅಕ್ವಿನಾಸ್, ಯೆಹೂದ್ಯ ದಾರ್ಶನಿಕ ಬ್ಯೂಬರ್, ಪ್ರಾಟೆಸ್ಟಂಟ್ ದಾರ್ಶನಿಕ ಟಿಲಿಕ್. ಪ್ರತಿಯೊಬ್ಬ ಗುರುವಿಗೂ ಅವನ ಮಠದ ಆಚಾರ್ಯನನ್ನೇ ಮುಂದಿಟ್ಟಂತಾಯಿತು. ಆದರೆ ಇದೇ ಪತ್ರದಲ್ಲಿ, ತಾನು ಅತಿರೇಕಿಯಾದರೆ ಇಂಥಿಂಥವರೂ ಅತಿರೇಕಿಗಳೇ ಎಂದು ಯೇಸುವಿನಿಂದ ಲಿಂಕನ್ನಿನವರೆಗೆ ಹೆಸರುಗಳನ್ನು ಪೋಣಿಸುವ ಭಾಗವು ನನಗೆ ಭಾರವೆನಿಸಿತು. ಪ್ರಮಾಣವಾಕ್ಯಗಳ ರಾಶಿಯಿಂದ ಪ್ರಮೇಯವನ್ನು ಮುಚ್ಚಿಬಿಡುವ ಚಾಳಿ ನಮ್ಮ ಪಂಡಿತರಲ್ಲಿ ಮಾತ್ರವೇ ಇರುವುದೆಂದು ತಿಳಿದಿದ್ದೆ!

ಪತ್ರದ ಪ್ರಾಣಸ್ಥಾನವಿರುವುದು ಬೇರೆ ಕಡೆ. ಕಾಯಿರಿ, ಕಾಲ ಬರಲಿ ಎಂಬ ಹಿತೋಪದೇಶಕ್ಕೆ ಉತ್ತರವಾಗಿ ಕಿಂಗರು ಇಂಗ್ಲಿಷಿನಲ್ಲಿ ೩೦೦ಕ್ಕೂ ಮಿಕ್ಕ ಪದಗಳ ಒಂದೇ ವಾಕ್ಯವನ್ನು ಬರೆದಿದ್ದಾರೆ. ಹೀಗಾದಾಗ, ಹೀಗಾದಾಗ ಎಂದು ಅಧೀನವಾಕ್ಯಗಳು ಒಂದರ ಮೇಲೊಂದು ಬರುತ್ತವೆ; ಪ್ರಧಾನವಾಕ್ಯ ಬರುವುದು ಕಟ್ಟಕಡೆಗೆ. ಬಾಣಭಟ್ಟನ ಕಾದಂಬರಿಯಲ್ಲಿಯೂ ಕ್ರಿಯಾಪದಕ್ಕಾಗಿ ಪುಟಗಟ್ಟಲೆ ಕಾಯುತ್ತೇವೆ. ಅಲ್ಲಿ ಕಾಯುವುದೇ ಒಂದು ಸುಖ. ಇಲ್ಲಿ ಕಾಯುವುದು ಯಾತನೆ. ಗುಂಪುಗೂಡಿ ಕೊಂದ ವರ್ತಮಾನದಿಂದ ಆರಂಭವಾಗಿ, ದೂರದರ್ಶನದಲ್ಲಿ ಕಂಡ ವಿನೋದವನಕ್ಕೆ ಹೋಗಬೇಕೆಂದು ಹಟಹಿಡಿದ ಆರು ವರ್ಷದ ಮಗಳಿಗೆ ಅದು ನಿನಗಲ್ಲವೆಂದು ತಂದೆಯು ಹೇಳಬೇಕಾದ ಗಳಿಗೆಗೆ ವಾಕ್ಯವು ಬರುತ್ತದೆ. ಇನ್ನೂ ಮುಗಿಯುವುದಿಲ್ಲ. ತಂಗುವ ಮನೆ ಸಿಗದೆ ಮೋಟಾರಿನಲ್ಲಿಯೇ ಮಲಗಬೇಕಾದ ರಾತ್ರಿಗಳು ಬರುತ್ತವೆ. ಬಾಗಿಲ ಮೇಲಿನ ಹಲಗೆಗಳು ಬರುತ್ತವೆ. ಕಾಯಿರಿ ಎಂದವರನ್ನು ಒಂದು ವಾಕ್ಯದ ಅವಧಿಯವರೆಗೆ ಕಾಯಿಸಿ, ಕಾಯುವುದೆಂದರೇನೆಂದು ತಿಳಿಸಿದ್ದಾರೆ. ಶಬ್ದವೂ ಅರ್ಥವೂ ಹೀಗೆ ಒಂದಾಗುವುದನ್ನೇ ಆಲಂಕಾರಿಕರು ಸಾಹಿತ್ಯವೆಂದರು.

ಇದನ್ನು ಕನ್ನಡಕ್ಕೆ ತರುವವರಿಗೆ ಒಂದು ತೊಡಕುಂಟು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಹೇಗೂ ಕೊನೆಗೇ ಬರತಕ್ಕದ್ದು. ಕನ್ನಡಿಗನಿಗೆ ವಾಕ್ಯದಲ್ಲಿ ಕಾದು ಅಭ್ಯಾಸ. ಮೂಲದ ಕಟ್ಟನ್ನೇ ಹಿಡಿದರೆ ಇಂಗ್ಲಿಷಿನ ಓದುಗನಿಗಾಗುವ ಉಸಿರುಕಟ್ಟು ನಮ್ಮವನಿಗಾಗದು. ಇನ್ನೊಂದು ಕಡೆ ಮಾತ್ರ ಭಾಷಾಂತರಕಾರನ ಶ್ರಮ ತಾನಾಗಿ ತಪ್ಪುತ್ತದೆ. ಅದೇ ವಾಕ್ಯದಲ್ಲಿ, ಕಪ್ಪುಮನುಷ್ಯನು ಎಷ್ಟು ಮುದುಕನಾದರೂ ಹುಡುಗನೆಂದೇ ಕರೆಸಿಕೊಳ್ಳುವುದನ್ನೂ, ಅವನ ಹೆಂಡತಿಗೂ ತಾಯಿಗೂ ಗೌರವದ ಸಂಬೋಧನೆ ದೊರೆಯದಿರುವುದನ್ನೂ ಹೇಳಿದ್ದಾರೆ. ಇದಕ್ಕೆ ನಮ್ಮಲ್ಲಿ ಟೀಕೆ ಬೇಕಿಲ್ಲ. ಮೇಲಿನ ಬೀದಿಯ ಹತ್ತು ವರ್ಷದ ಹುಡುಗನು ಊರಾಚೆಯ ಕೇರಿಯ ಎಪ್ಪತ್ತರ ಹಿರಿಯನನ್ನು ‘ಬಾರೋ’ ಎಂದು ಕರೆಯುವುದನ್ನೂ, ಆ ಹಿರಿಯನು ಅವನಿಗೆ ‘ಬುದ್ಧಿ’ ಎಂದು ಉತ್ತರ ಕೊಡುವುದನ್ನೂ ಕೇಳದ ಕಿವಿ ನಮ್ಮ ತಲೆಮಾರಿನವರಲ್ಲಿ ಯಾವುದಿದೆ? ಏಕವಚನ ಬಹುವಚನಗಳನ್ನು ಪಾಣಿನಿಯು ಸಂಖ್ಯೆಗಾಗಿ ವಿಧಿಸಿದನು. ನಾವು ಅವನ್ನು ಜಾತಿಗಾಗಿ ಬಳಸಿದೆವು.

ಈ ಹೋಲಿಕೆಯು ನನ್ನ ಕಲ್ಪನೆಯಲ್ಲ. ಕಿಂಗರು ೧೯೫೯ರಲ್ಲಿ ಪತ್ನೀಸಮೇತರಾಗಿ ಭಾರತಕ್ಕೆ ಬಂದಿದ್ದಾಗ, ಕೇರಳದ ಒಂದು ಶಾಲೆಯಲ್ಲಿ ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೆ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯರೆಂದು ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ಚುರುಕೆಂದಿತು, ಯೋಚಿಸಿದ ಮೇಲೆ ಆ ಹೆಸರು ತನಗೂ ತನ್ನ ದೇಶದ ಕಪ್ಪುಜನರೆಲ್ಲರಿಗೂ ಸಲ್ಲುವುದೆಂದು ಒಪ್ಪಿದೆ ಎಂದು ೧೯೬೫ರ ಒಂದು ಧರ್ಮೋಪದೇಶದಲ್ಲಿ ಅವರೇ ಹೇಳಿದ್ದಾರೆ. ಗಾಂಧಿಯವರ ಶಿಷ್ಯನೆಂಬ ಸಂಬಂಧವನ್ನು ಸಾರಿಸಾರಿ ಹೇಳುವ ನಮ್ಮ ಭಾಷಣಕಾರರು ಈ ಎರಡನೆಯ ಸಂಬಂಧವನ್ನು ಎತ್ತುವುದು ಅಪರೂಪ.

ಪತ್ರದ ಅತ್ಯಂತ ಕಠಿಣವಾದ ಮಾತು ಶತ್ರುಗಳನ್ನು ಕುರಿತದ್ದಲ್ಲ. ಮುಖವಾಡ ತೊಟ್ಟು ಬರುವ ದ್ವೇಷಿಗಳಿಗಿಂತಲೂ, ನ್ಯಾಯಕ್ಕಿಂತ ನೆಮ್ಮದಿಯನ್ನು ಹೆಚ್ಚೆಂದೆಣಿಸುವ ಮಿತವಾದಿಯಾದ ಬಿಳಿಯ ಸಜ್ಜನನೇ ದೊಡ್ಡ ಅಡ್ಡಿಯೆಂಬ ನಿರ್ಣಯಕ್ಕೆ ತಾನು ಬಂದಂತಿದೆ ಎನ್ನುತ್ತಾರೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಉದಾಸೀನ, ಮಧ್ಯಸ್ಥ ಎಂಬ ಎರಡು ಪದಗಳು ಅಕ್ಕಪಕ್ಕದಲ್ಲಿ ಬರುತ್ತವೆ. ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ. ಸೆಣಸುವ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥ ಎಂದು ಶಂಕರಭಗವತ್ಪಾದರು ಭೇದ ತೋರಿಸುತ್ತಾರೆ. ಕಿಂಗರ ದೂರು ಈ ಸೂಕ್ಷ್ಮದಲ್ಲಿಯೇ ನಿಂತಿದೆ. ಆ ಎಂಟು ಮಂದಿ ತಮ್ಮನ್ನು ಮಧ್ಯಸ್ಥರೆಂದು ಭಾವಿಸಿದ್ದರು. ಒಬ್ಬನು ಇನ್ನೊಬ್ಬನ ಎದೆಯ ಮೇಲೆ ಕುಳಿತಿರುವಾಗ ಇಬ್ಬರೂ ಶಾಂತರಾಗಿರಿ ಎನ್ನುವವನು ಮಧ್ಯಸ್ಥನಲ್ಲ, ಉದಾಸೀನ. ಅಷ್ಟೇ ಅಲ್ಲ, ಮೇಲೆ ಕುಳಿತವನಿಗೆ ಅವನು ಮಿತ್ರನೂ ಹೌದು. ಮನೆಯಲ್ಲಿ ಪುಸ್ತಕವಿಟ್ಟು ಓದುವ, ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ನಮ್ಮಂಥವರಿಗೆ ಈ ಪತ್ರವು ಬಂದಿರುವ ಕಾಗದವೆಂದು ನಾನು ಹೇಳುವುದು ಇದರಿಂದಲೇ. ದ್ವೇಷಿಗಳು ಇದನ್ನು ಓದುವುದಿಲ್ಲ. ಅವರಿಗಾಗಿ ಇದನ್ನು ಬರೆಯಲೂ ಇಲ್ಲ.

ಪೊಲೀಸರಿಗೆ ಕೊಟ್ಟ ಪ್ರಶಂಸಾಪತ್ರವು ಏನಾಯಿತೆಂಬುದನ್ನು ಚರಿತ್ರೆಯು ಬಹು ಬೇಗ ತೋರಿಸಿತು. ಮೂರು ವಾರ ಕಳೆಯುವಷ್ಟರಲ್ಲಿ, ಮೇ ತಿಂಗಳ ಮೊದಲ ದಿನಗಳಲ್ಲಿ, ಅದೇ ಪೊಲೀಸರು ಶಾಲೆಯ ಮಕ್ಕಳಿದ್ದ ಮೆರವಣಿಗೆಯ ಮೇಲೆ ನಾಯಿಗಳನ್ನು ಬಿಟ್ಟರು. ಬೆಂಕಿಯನ್ನು ಆರಿಸುವ ಕೊಳವೆಗಳ ನೀರನ್ನು ಮಕ್ಕಳ ಮೇಲೆ ಹಾಯಿಸಲಾಯಿತು. ಸೆಪ್ಟೆಂಬರ್ ೧೫ರಂದು ಆ ಊರಿನ ಹದಿನಾರನೆಯ ಬೀದಿಯ ದೇವಾಲಯದಲ್ಲಿ ವರ್ಣದ್ವೇಷಿಗಳಿಟ್ಟ ಸಿಡಿಗುಂಡಿಗೆ ನಾಲ್ವರು ಬಾಲಿಕೆಯರು ಆಹುತಿಯಾದರು. ನಾಗರಿಕ ಹಕ್ಕುಗಳ ಶಾಸನವಾದದ್ದು ೧೯೬೪ನೆಯ ಜುಲೈ ೨ರಂದು. ಪ್ರತಿಬಂಧಕಾಜ್ಞೆಯ ವ್ಯಾಜ್ಯ ಮಾತ್ರ ಮುಗಿದಿರಲಿಲ್ಲ. ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರು ನಾಲ್ವರೆಂಬ ಒಡೆದ ತೀರ್ಪಿನಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಿಂಗರು ಮತ್ತೆ ಸೆರೆಗೆ ಹೋಗಿ ಬಂದರು. ಮೆರವಣಿಗೆಗೆ ಅಪ್ಪಣೆ ಬೇಕೆಂದ ಆ ನಗರದ ಕಟ್ಟಳೆಯನ್ನು ಬರ್ಮಿಂಗ್‌ಹ್ಯಾಮಿನವರು ಪ್ರಯೋಗಿಸಿದ ಬಗೆಯು ಸಂವಿಧಾನಕ್ಕೆ ವಿರುದ್ಧವೆಂದು ಅದೇ ನ್ಯಾಯಾಲಯವು ೧೯೬೯ರಲ್ಲಿ ಹೇಳಿತು. ಅಷ್ಟರಲ್ಲಿ ಕಿಂಗರು ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು.

ಬದುಕಿದ್ದಾಗ ಅವರಿಗೆ ಸಂದ ಗೌರವವೆಷ್ಟು? ೧೯೬೬ರ ಒಂದು ಜನಾಭಿಪ್ರಾಯ ಗಣನೆಯಲ್ಲಿ ನೂರಕ್ಕೆ ೬೩ ಮಂದಿ ಅಮೆರಿಕನ್ನರು ಅವರನ್ನು ಮೆಚ್ಚುವುದಿಲ್ಲವೆಂದರು. ೧೯೬೭ರಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿದಾಗ ಅವರನ್ನು ಹೊಗಳುತ್ತಿದ್ದ ದೊಡ್ಡ ಪತ್ರಿಕೆಗಳೇ ತಿರುಗಿಬಿದ್ದವು. ಮರಣವು ಬಂದದ್ದು ಮೆಂಫಿಸ್ ನಗರದ ಕಸ ಬಾಚುವ ನೌಕರರ ಮುಷ್ಕರಕ್ಕೆ ಬೆಂಬಲವಾಗಿ ಹೋಗಿದ್ದಾಗ. ಆ ಎಂಟು ಮಂದಿಯ ವಿಷಯವನ್ನೂ ಹೇಳಬೇಕು. ಪತ್ರದಿಂದ ತಮಗೆ ಅನ್ಯಾಯವಾಯಿತೆಂಬ ನೋವು ಕೆಲವರಲ್ಲಿ ಉಳಿಯಿತು. ಕ್ಯಾಥೊಲಿಕ್ ಬಿಷಪ್ ಡ್ಯೂರಿಕ್ಕರು ಮಾತ್ರ ಮುಂದೆ ಟೆನೆಸೀ ಪ್ರಾಂತದಲ್ಲಿ ಕಪ್ಪುಜನರ ಪಕ್ಷದಲ್ಲಿ ಬಹಿರಂಗವಾಗಿ ನಿಂತರು. ಒಂದು ವಾದಗ್ರಂಥಕ್ಕೆ ಎಂಟರಲ್ಲಿ ಒಬ್ಬನು ಒಲಿದರೂ ಅದು ಸಣ್ಣ ಫಲವಲ್ಲ.

ನಮ್ಮ ಸಂಘದ ಮಾಸಿಕ ಸಭೆಗಳಲ್ಲೊಂದರಲ್ಲಿ ಈ ಪತ್ರವನ್ನು ಕನ್ನಡದಲ್ಲಿ ಪೂರ್ತಿಯಾಗಿ ಓದಿಸಬೇಕೆಂದು ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹ. ಓದಿಸುವಾಗ ಕಿಂಗರ ಪತ್ರಕ್ಕೆ ಮೊದಲು ಆ ಎಂಟು ಮಂದಿಯ ಹೇಳಿಕೆಯನ್ನೂ, ಧ್ವನಿಯಲ್ಲಿ ವ್ಯಂಗ್ಯವನ್ನು ತಾರದೆ, ಓದಿಸಬೇಕು. ಅದು ಚಿಕ್ಕದು, ಐದು ನಿಮಿಷ ಹಿಡಿಯಲಾರದು. ಕೇಳುತ್ತಿರುವಾಗ ಸಭಾಸದರಲ್ಲಿ ಎಷ್ಟು ಮಂದಿ ತಲೆದೂಗುತ್ತಾರೆಂಬುದನ್ನು ಅಧ್ಯಕ್ಷರು ಗಮನಿಸುತ್ತಿರಲಿ.