ಕಾಯುವುದು ಸರಿ, ಮೌನ ಸರಿಯಲ್ಲ

ತಿಪಟೂರಿನ ಕೊಬ್ಬರಿ ಮಂಡಿಯೊಂದನ್ನು ಊಹಿಸಿಕೊಳ್ಳಿ. ಟೆಂಡರ್ ದಿನ. ತೂಕದ ಲೆಕ್ಕವೆಲ್ಲ ಹಿಂದಿನ ಕೋಣೆಯ ಸರ್ವರಿನಲ್ಲಿದೆ. ಮುಂದಿನ ಮೇಜಿನ ಲಿನಕ್ಸ್ ಕಂಪ್ಯೂಟರು ಅದನ್ನು ಎನ್‌ಎಫ್‌ಎಸ್ ಮೂಲಕ ತನ್ನದೇ ಡಿಸ್ಕ್ ಎಂಬಂತೆ ಬಳಸುತ್ತಿದೆ. ಕರೆಂಟ್ ಹೋಗಿ ನಡುವಿನ ಸ್ವಿಚ್ ನಿಂತಿತು. ಯುಪಿಎಸ್ ಇದ್ದ ಸರ್ವರು, ಕಂಪ್ಯೂಟರು ಮಾತ್ರ ಉಳಿದವು. ಗುಮಾಸ್ತ ‘ಸೇವ್’ ಒತ್ತಿದ. ಪರದೆ ಅಲುಗಾಡಲಿಲ್ಲ, ಎರರ್ ಕೂಡ ಬರಲಿಲ್ಲ. ಚೀಟಿಗಾಗಿ ರೈತರು ಎದುರಿಗೆ ನಿಂತಿದ್ದಾರೆ.

ಇದು ಲಿನಕ್ಸಿನ ತಿರುಳಾದ ಕರ್ನಲ್‌ನ ಕೆಟ್ಟ ಬರವಣಿಗೆಯಲ್ಲ, ಬೇಕೆಂದೇ ಮಾಡಿದ ಆಯ್ಕೆ. ಲಿನಕ್ಸಿನಲ್ಲಿ ಎನ್‌ಎಫ್‌ಎಸ್ ಮೌಂಟ್ ಬೇರೆ ಹೇಳದ ಹೊರತು ‘ಹಾರ್ಡ್’ ಆಗಿರುತ್ತದೆ: ಸರ್ವರ್ ಮರಳುವ ತನಕ ಕರ್ನಲ್ ಕೇಳುತ್ತಲೇ ಇರುತ್ತದೆ, ಪ್ರೋಗ್ರಾಮು ಅಲ್ಲೇ ನಿಂತಿರುತ್ತದೆ. ‘ಸಾಫ್ಟ್’ ಆಯ್ಕೆಯಲ್ಲಿ ಕೆಲವು ಪ್ರಯತ್ನಗಳ ನಂತರ ಎರರ್ ಕೊಟ್ಟು ಕೈಬಿಡುತ್ತದೆ. ಎರಡನೆಯದೇ ಜಾಣತನ ಎಂದು ತೋರುವುದು ಸಹಜ. ಆದರೆ ಅದರಿಂದ ಸದ್ದಿಲ್ಲದೆ ಡೇಟಾ ಕೆಡಬಹುದೆಂದು ಲಿನಕ್ಸಿನ ಕೈಪಿಡಿಯೇ ಎಚ್ಚರಿಸುತ್ತದೆ. ಅರ್ಧ ಬರೆದ ಫೈಲು, ಎರರ್ ನೋಡದೆ ಮುಂದೆ ಸಾಗುವ ಪ್ರೋಗ್ರಾಮು, ಇವೆರಡು ಸೇರಿದರೆ ಹತ್ತು ಚೀಲದ ಲೆಕ್ಕ ಯಾರಿಗೂ ತಿಳಿಯದಂತೆ ಮಾಯವಾಗುತ್ತದೆ.

ಎರರ್ ಕೊಟ್ಟರೆ ಸಾಕೆನ್ನುವವರು 2018ರ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರಕರಣವನ್ನು ನೋಡಬೇಕು. ಡಿಸ್ಕಿಗೆ ಬರೆಯಲಾಗದಿದ್ದಾಗ ಕರ್ನಲ್, ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸಲು ಕೇಳುವ ‘ಎಫ್‌ಸಿಂಕ್’ ಕರೆಗೆ ಎರರ್ ಕೊಡುತ್ತಿತ್ತು. ಆದರೆ ಬರೆಯಲಾಗದ ಆ ಮೆಮೊರಿ ಪುಟಗಳನ್ನು ಬರೆದು ಮುಗಿದವೆಂದೇ ಗುರುತಿಸಿಬಿಡುತ್ತಿತ್ತು. ಮತ್ತೊಮ್ಮೆ ಕೇಳಿದರೆ ಎಲ್ಲ ಸರಿಯಿದೆ ಎಂಬ ಉತ್ತರ! ಕೊನೆಗೆ ಆ ಡೇಟಾಬೇಸು ಇಂಥ ಎರರ್ ಬಂದೊಡನೆ ತಾನೇ ನಿಂತು, ಲಾಗ್‌ನಿಂದ ಚೇತರಿಸಿಕೊಳ್ಳುವ ದಾರಿ ಹಿಡಿಯಿತು. ಈ ಹಿನ್ನೆಲೆಯಲ್ಲಿ ಹಾರ್ಡ್ ಮೌಂಟ್‌ನ ಹಟ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ. ಅದು ಸುಳ್ಳು ಹೇಳುವುದಿಲ್ಲ.

ಆದರೆ ನಿಜವನ್ನೂ ಹೇಳುವುದಿಲ್ಲ ಎಂಬುದೇ ನನ್ನ ತಕರಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಆದರೆ ಕಾಯನ್ನು ಅಲ್ಲಾಡಿಸಿದರೆ ನೀರು ಇನ್ನೂ ಇದೆಯೋ, ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಸದ್ದೇ ತಿಳಿಸುತ್ತದೆ. ಕರ್ನಲ್ ಈ ಸದ್ದನ್ನು ಗುಮಾಸ್ತನ ಕಿವಿಗೆ ಬೀಳಿಸುವುದಿಲ್ಲ. ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ನಡೆದಿದೆ ಎಂದು ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. 2008ರ 2.6.25 ಆವೃತ್ತಿಯಿಂದ ಹೀಗೆ ನಿಂತ ಪ್ರೋಗ್ರಾಮನ್ನು ಕೊಲ್ಲುವುದಾದರೂ ಸುಲಭವಾಯಿತು. ಆದರೆ ಕೊಲ್ಲುವುದು ಮಾಹಿತಿಯಲ್ಲ.

ದೂರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಬಳಸುವ ಐಸ್ಕಸಿ ಇನ್ನೊಂದು ದಾರಿ ಹಿಡಿದಿದೆ. ಸಂಪರ್ಕ ಕಡಿದರೆ ಸಾಮಾನ್ಯವಾಗಿ 120 ಸೆಕೆಂಡು ಕಾದು ಎರರ್ ಕೊಡುತ್ತದೆ. ಎರಡು ದಾರಿಯ ಮಲ್ಟಿಪಾತ್ ಇದ್ದಲ್ಲಿ ಅದು ತೀರಾ ಉದ್ದ, ಆಪರೇಟಿಂಗ್ ಸಿಸ್ಟಮ್ಮೇ ಆ ಡಿಸ್ಕಿನಲ್ಲಿದ್ದರೆ ತೀರಾ ಗಿಡ್ಡ. ಒಂದೇ ಅಂಕಿ ಎಲ್ಲರಿಗೂ ಒಗ್ಗದು. ನೆಟ್‌ವರ್ಕ್ ಮೇಲಿನ ಎನ್‌ವಿಎಂಇ ಇದಕ್ಕಿಂತ ಪ್ರಬುದ್ಧ. ಅದು 10 ಸೆಕೆಂಡಿಗೊಮ್ಮೆ ಮರುಸಂಪರ್ಕಕ್ಕೆ ಯತ್ನಿಸಿ, ಡೀಫಾಲ್ಟ್ ಆಗಿ 600 ಸೆಕೆಂಡಾದ ಮೇಲೆ ಸಾಧನವನ್ನೇ ಕಳಚುತ್ತದೆ. ಅದಕ್ಕೂ ಮೊದಲೇ ಬಾಕಿ ಕೋರಿಕೆಗಳಿಗೆ ಎರರ್ ಹೇಳುವ ಪ್ರತ್ಯೇಕ ಗಡುವನ್ನೂ ಇಡಬಹುದು. ಯಾವಾಗ ತಿಳಿಸಬೇಕು, ಯಾವಾಗ ಕೈಬಿಡಬೇಕು ಎಂಬ ಎರಡು ನಿರ್ಧಾರಗಳನ್ನು ಬೇರ್ಪಡಿಸಿದ್ದೇ ಇಲ್ಲಿಯ ಹೆಚ್ಚುಗಾರಿಕೆ. ಈ ಗಡುವು ಡೀಫಾಲ್ಟ್ ಆಗಿ ಆಫ್ ಇರುವುದು ಮಾತ್ರ ಕೊರತೆ.

ಹಾಗೆಂದು ತಪ್ಪೆಲ್ಲ ಕರ್ನಲ್‌ನದಲ್ಲ. ಟೆಂಡರ್ ಎಷ್ಟು ಗಂಟೆಗೆ ಮುಚ್ಚುತ್ತದೆಂದು ಅದಕ್ಕೇನು ಗೊತ್ತು? ಡಿಸ್ಕು ಪೆಟ್ಟಿಗೆಯೊಳಗೇ ಇದೆಯೆಂದು ನಂಬಿ ಬರೆದ ಬಿಲ್ಲಿಂಗ್ ತಂತ್ರಾಂಶದ ಪಾಲೂ ಇದೆ. ತೂಕವನ್ನು ಮೊದಲು ಅಲ್ಲೇ ಇರುವ ಡಿಸ್ಕಿಗೆ ಬರೆದು, ಚೀಟಿ ಕೊಟ್ಟು, ಆಮೇಲೆ ಸರ್ವರಿಗೆ ಕಳಿಸುವ ತಂತ್ರಾಂಶಕ್ಕೆ ಹಾರ್ಡ್ ಮೌಂಟ್ ಎಷ್ಟು ಹೊತ್ತು ಕಾದರೂ ತೊಂದರೆಯಿಲ್ಲ. ಮಂಡಿಗೆ ನಾನು ಹೇಳುವುದು ಇಷ್ಟೆ: ಮೌಂಟ್ ಹಾರ್ಡ್ ಆಗಿಯೇ ಇರಲಿ, ‘ಸಾಫ್ಟ್’ ಎಂಬ ಸುಲಭ ಸಲಹೆ ಬೇಡ, ಸ್ವಿಚ್‌ಗೂ ಒಂದು ಯುಪಿಎಸ್ ಕೊಡಿಸಿ. ಕರ್ನಲ್ ಬರೆಯುವವರಿಗೆ ಹೇಳುವುದು ಇನ್ನೂ ಚಿಕ್ಕದು: ಕಾಯಿರಿ, ಆದರೆ ಕಾಯುತ್ತಿದ್ದೇವೆಂದು ಬಳಸುವವರಿಗೆ ತಿಳಿಸಿ.