ಒಂದು ಅರ್ಧವಿರಾಮದ ಜಾಣತನ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಪ್ರಾಜೆಕ್ಟಿನ ಫೋಲ್ಡರಿಗೆ ಹೋಗಿ, ಕೋಡಿನೊಳಗಿನ ಹೆಸರುಗಳ ಸೂಚಿ ಕಟ್ಟುವ ಸಿಟ್ಯಾಗ್ಸ್‌ನ ಹೆಸರು ಬರೆದು, ಹೈಫನ್, ದೊಡ್ಡ ಆರ್, ಒಂದು ಚುಕ್ಕಿ ಹಾಕಿ ಎಂಟರ್ ಒತ್ತಿದರೆ ತೆರೆಯ ಮೇಲೆ ಏನೂ ನಡೆಯುವುದಿಲ್ಲ. ಕರ್ಸರ್ ತುಸು ತಡೆದು ಮುಂದಿನ ಸಾಲಿಗೆ ಇಳಿಯುತ್ತದೆ, ಅಷ್ಟೆ. ಫೋಲ್ಡರಿನಲ್ಲಿ ಮಾತ್ರ 'ಟ್ಯಾಗ್ಸ್' ಎಂಬ ಫೈಲೊಂದು ಬಂದು ಕೂತಿರುತ್ತದೆ. ಎಕ್ಸ್‌ಟೆನ್ಷನ್ ಇಲ್ಲದ ಬೋಳು ಹೆಸರು; ಡಬಲ್ ಕ್ಲಿಕ್ ಮಾಡಿದರೆ ಇದನ್ನು ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸ್ ನಮ್ಮನ್ನೇ ಕೇಳುತ್ತದೆ.

ವಿಮ್ ಎಡಿಟರಿನಲ್ಲಿ ಫಂಕ್ಷನ್ನಿನ ಹೆಸರಿನ ಮೇಲೆ ಕರ್ಸರ್ ಇಟ್ಟು, ಕಂಟ್ರೋಲ್ ಜೊತೆ ಬಲ ಚೌಕ ಕಂಸ ಒತ್ತಿದರೆ ಅದನ್ನು ಬರೆದಿಟ್ಟ ಜಾಗಕ್ಕೆ ಜಿಗಿತ. ಕಂಟ್ರೋಲ್ ಟಿ ಒತ್ತಿದರೆ ವಾಪಸು. ಇಷ್ಟಕ್ಕೇ ತೃಪ್ತರಾಗುವವರು ಹೆಚ್ಚು. ನೋಟ್‌ಪ್ಯಾಡಿನಲ್ಲಾದರೂ ಸರಿ, ಆ ಫೈಲನ್ನು ಒಮ್ಮೆ ಬಿಚ್ಚಿ ಓದಬೇಕು.

ಸಾಲಿಗೊಂದು ಹೆಸರು, ಟ್ಯಾಬ್, ಫೈಲಿನ ದಾರಿ, ಟ್ಯಾಬ್, ಆಮೇಲೆ ವಿಳಾಸ. 412ನೇ ಸಾಲು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಸಿಟ್ಯಾಗ್ಸ್ ಸಾಮಾನ್ಯವಾಗಿ ಹಾಗೆ ಮಾಡದೆ, ಆ ಸಾಲಿನ ಪಠ್ಯವನ್ನೇ ಎರಡು ಓರೆಗೆರೆಗಳ ನಡುವೆ ಹುಡುಕಾಟದ ಆದೇಶವಾಗಿ ಬರೆದಿಡುತ್ತದೆ. ಮನೆ ನಂಬರ್ ಬಿಟ್ಟು 'ಹುಣಸೇಮರದ ಎದುರು, ನೀಲಿ ಬಾಗಿಲು' ಎನ್ನುವ ಹಾಗೆ. ಮೇಲೆ ಹತ್ತಿಪ್ಪತ್ತು ಸಾಲು ಹೊಸದಾಗಿ ಸೇರಿದರೂ ಜಿಗಿತ ಗುರಿ ತಪ್ಪುವುದಿಲ್ಲ.

ಹೆಸರುಗಳೆಲ್ಲ ಅಕಾರಾದಿಯಲ್ಲಿ ನಿಂತಿವೆ. ಹಾಗೆಂದು ಎಡಿಟರಿಗೆ ತಿಳಿಸುವ ತಲೆಸಾಲುಗಳೂ ಅದೇ ಫೈಲಿನಲ್ಲಿವೆ. ಅವು ಆಶ್ಚರ್ಯಸೂಚಕದಿಂದ ಶುರುವಾಗುತ್ತವೆ. ಆ ಚಿಹ್ನೆ ಅಕ್ಷರಗಳಿಗಿಂತ ಮೊದಲು ಬರುವುದರಿಂದ ವಿಂಗಡಣೆಯೇ ಅವನ್ನು ಮೇಲಕ್ಕೆ ತಂದು ಕೂರಿಸುತ್ತದೆ! ಇನ್ನು ಅರ್ಧ ಅರ್ಧ ಮಾಡುತ್ತ ಹುಡುಕಿದರಾಯಿತು: ಹತ್ತು ಲಕ್ಷ ಹೆಸರುಗಳಿದ್ದರೂ ಇಪ್ಪತ್ತರಷ್ಟು ಹೋಲಿಕೆಗಳಲ್ಲಿ ಬೇಕಾದ್ದು ಸಿಗುತ್ತದೆ.

ವಿಂಡೋಸ್‌ನಲ್ಲಿ ಒಂದು ತಮಾಷೆಯಿದೆ. ವಿಮ್‌ನ ಫೈಲಿನ ಹೆಸರು ಚಿಕ್ಕಕ್ಷರದಲ್ಲಿ, ಇಮ್ಯಾಕ್ಸ್ ಎಡಿಟರಿನದು ಅದೇ ಹೆಸರು ದೊಡ್ಡಕ್ಷರದಲ್ಲಿ. ಯುನಿಕ್ಸ್‌ನಲ್ಲಿ ಎರಡೂ ಒಂದೇ ಫೋಲ್ಡರಿನಲ್ಲಿ ಬಾಳುತ್ತವೆ. ವಿಂಡೋಸ್ ಸಾಮಾನ್ಯವಾಗಿ ಆ ಭೇದ ಎಣಿಸುವುದಿಲ್ಲ. ಆದ್ದರಿಂದ ಒಂದು ಇನ್ನೊಂದನ್ನು ಅಳಿಸಿ ಕೂರುತ್ತದೆ.

ನನಗೆ ಎಲ್ಲಕ್ಕಿಂತ ರುಚಿಸುವುದು ವಿಳಾಸದ ಕೊನೆಯ ಎರಡು ಚಿಹ್ನೆಗಳು: ಅರ್ಧವಿರಾಮ, ಅದರ ಬೆನ್ನಿಗೇ ಜೋಡಿ ಉದ್ಧರಣ ಚಿಹ್ನೆ. ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್ ಕಾಲದ ವಿಐ ಎಡಿಟರಿಗೆ ಮೂರು ಅಂಕಣ ಬಿಟ್ಟರೆ ಬೇರೆ ತಿಳಿಯದು. ಇದು ಫಂಕ್ಷನ್ನೋ, ಕ್ಲಾಸೋ, ಯಾವುದರ ಒಳಗಿನದು ಎಂದು ಸೇರಿಸುವ ಆಸೆ ಆಮೇಲೆ ಹುಟ್ಟಿತು. ಅಂಕಣ ಕೂಡಿಸಿದರೆ ಹಳೆಯ ಎಡಿಟರ್ ಎಡವುತ್ತದೆ. ಆದರೆ ವಿಐ ವಿಳಾಸವನ್ನು ಆದೇಶವೆಂದೇ ಓದುತ್ತದಲ್ಲ. ಅಲ್ಲಿ ಉದ್ಧರಣ ಚಿಹ್ನೆ ಬಂದರೆ ಮುಂದಿನದೆಲ್ಲ ಟಿಪ್ಪಣಿ. ಆ ಸಂದಿಯಲ್ಲೇ ಹೊಸ ಅಂಕಣಗಳನ್ನು ತೂರಿಸಿದರು. ಸಿಟ್ಯಾಗ್ಸ್‌ನ ಎಕ್ಸುಬರೆಂಟ್ ಸಿಟ್ಯಾಗ್ಸ್ ಎಂಬ ರೂಪ 2009ರ 5.8ನೇ ಆವೃತ್ತಿಗೆ ನಿಂತಿತು. ಅದರ ಕೆಲಸ ಮುಂದುವರಿಸಿದ ಯೂನಿವರ್ಸಲ್ ಸಿಟ್ಯಾಗ್ಸ್ ಈಗಲೂ ತನ್ನ ಹೆಚ್ಚುವರಿ ಮಾಹಿತಿಯನ್ನೆಲ್ಲ ಆ ಎರಡು ಚಿಹ್ನೆಗಳ ಬಲಕ್ಕೇ ಪೇರಿಸುತ್ತದೆ.