ಅಚ್ಚಿನ ಬೆಕ್ಕಿನ ನಡಿಗೆ

ಸಾಧನಗಳ ಬಡತನವು ಕಲೆಗೆ ಸದಾ ಕೊರತೆಯೇ ಆಗಬೇಕೆಂದಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವನ್ನು ಕಲಿಸಿದರೆ ಅದು ಗುಣವೂ ಆದೀತು. 1968ರಲ್ಲಿ ಮಾಸ್ಕೋದ ಗಣಿತಜ್ಞ ನಿಕೊಲಾಯ್ ಕಾನ್‌ಸ್ಟಾಂಟಿನೋವ್ ಮತ್ತು ಅವರ ಸಂಗಡಿಗರು ರಚಿಸಿದ ‘ಕೋಶೆಚ್ಕಾ’, ಅಂದರೆ ‘ಪುಟ್ಟ ಬೆಕ್ಕು’ ಎಂಬ ಕಿರುಚಿತ್ರ ಇದಕ್ಕೆ ನಿದರ್ಶನ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1963ರ ವೇಳೆಗಾಗಲೇ ಗಣಕಯಂತ್ರದ ಲೆಕ್ಕವನ್ನು ನೇರವಾಗಿ ಫಿಲ್ಮಿನ ಮೇಲೆ ಮೂಡಿಸುವ ಬೆಲೆಬಾಳುವ ಉಪಕರಣವಿತ್ತು. ಮಾಸ್ಕೋದವರಾದರೋ ಬೆಸ್ಮ್-4 ಗಣಕದ ಅಚ್ಚುಯಂತ್ರವನ್ನೇ ನೆಚ್ಚಿದರು. ಅಕ್ಷರಚಿಹ್ನೆಗಳನ್ನು ಒತ್ತೊತ್ತಾಗಿ ಜೋಡಿಸಿ ಅದು ಒಂದೊಂದು ಭಂಗಿಯನ್ನೂ ಕಾಗದದ ಮೇಲೆ ಮುದ್ರಿಸಿತು. ಆ ಚಿತ್ರಗಳನ್ನು ಒಂದೊಂದಾಗಿ ಫಿಲ್ಮಿಗೆ ಇಳಿಸಲಾಯಿತು. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಫಿಲ್ಮಿಗೆ ನಿಮಿಷವೊಂದಕ್ಕೆ 1440 ಚಿತ್ರಗಳು ಬೇಕೆಂಬುದನ್ನು ನೆನೆದರೆ ಈ ಮಾರ್ಗದ ಶ್ರಮ ವಿದಿತವಾಗುತ್ತದೆ.

ರೂಪದಲ್ಲಿ ಈ ಬೆಕ್ಕು ಒರಟು. ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿವೆ. ಮೈಗೆ ರೋಮದ ನಯವಿಲ್ಲ. ಆದರೂ ಅದು ನಡೆಯತೊಡಗಿದೊಡನೆ ಪ್ರೇಕ್ಷಕನು ಅಕ್ಷರಗಳನ್ನು ಮರೆತು ಪ್ರಾಣಿಯನ್ನು ಕಾಣುತ್ತಾನೆ. ಕಾರಣವಿಷ್ಟೆ: ನಡಿಗೆಯನ್ನು ಚಿತ್ರಕಾರನ ಕೈಯಿಂದ ಎರವಲು ತರದೆ ಅವಕಲ ಸಮೀಕರಣಗಳಿಂದ ಪಡೆಯಲಾಗಿದೆ. ಮಿತವ್ಯಯವು ಬಾಹ್ಯಾಲಂಕಾರವನ್ನು ಕಳೆದಿದೆ. ಚಲನೆಯ ಸತ್ಯವನ್ನು ಮುಟ್ಟಿಲ್ಲ. ಔಚಿತ್ಯವೆಂದರೆ ಇದೇ.

ಆದರೆ ಸಮೀಕರಣವು ಗತಿಯನ್ನು ಕೊಟ್ಟಿದೆಯೇ ಹೊರತು ಉದ್ದೇಶವನ್ನಲ್ಲ. ಈ ಬೆಕ್ಕಿಗೆ ಹಿಡಿಯಬೇಕಾದ ಇಲಿಯಿಲ್ಲ, ಸೇರಬೇಕಾದ ಮನೆಯಿಲ್ಲ. ಕಥೆಯನ್ನು ಅರಸುವವನಿಗೆ ಇಲ್ಲಿ ದಕ್ಕುವುದು ಅಲ್ಪ. ಇದು ನಿಜವಾದ ಮಿತಿ. ಹಾಗೆಂದು ಚಿತ್ರವನ್ನು ಕೇವಲ ಯಂತ್ರೇತಿಹಾಸದ ಕುತೂಹಲವೆಂದು ಬದಿಗಿಡುವುದು ನ್ಯಾಯವಲ್ಲ. ಇಂದಿನ ಗಣಕಚಿತ್ರಗಳಲ್ಲಿ ಒಂದೊಂದು ರೋಮವೂ ಹೊಳೆಯುತ್ತದೆ. ಆ ಹೊಳಪಿನಡಿಯಲ್ಲಿ ಪ್ರಾಣಿಯ ಭಾರ ನೆಲಕ್ಕೆ ಊರಿದೆಯೇ ಎಂದು ಕೇಳುವ ಒರೆಗಲ್ಲು ಈ ಬಡ ಬೆಕ್ಕಿನ ಹೆಜ್ಜೆಯಲ್ಲಿದೆ.